ಆಭಾರವೂ ಒಂದು ಜೋಡು ಚಪ್ಪಲಿಯೂ

ನಮ್ಮ ಧಾರವಾಡದಲ್ಲಿ ಸಭೆ ಮುಗಿಯಿತೆಂದು ತಿಳಿಯಲು ಗಡಿಯಾರ ನೋಡಬೇಕಾಗಿಲ್ಲ. ಅಧ್ಯಕ್ಷರ ಭಾಷಣ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ. ಅದು ಮುಗಿದೀತೆಂಬ ನಂಬಿಕೆ ಎಷ್ಟೋ ಸಲ ಅಧ್ಯಕ್ಷರಿಗೇ ಇರುವುದಿಲ್ಲ. ನಾನು ಎದ್ದು ನಿಂತರೆ ಸಾಕು. ಶಲ್ಯವನ್ನು ಹೆಗಲಿಗೆ ಸರಿಪಡಿಸಿಕೊಂಡು, ಒಮ್ಮೆ ಕೆಮ್ಮಿ ಗಂಟಲನ್ನು ಹದಕ್ಕೆ ತಂದುಕೊಂಡು, ‘ಮಾನ್ಯ ಅಧ್ಯಕ್ಷರೆ’ ಎಂದು ನಾನು ಬಾಯಿ ತೆರೆಯುವುದೇ ತಡ, ಅದುವರೆಗೆ ಸಾಹಿತ್ಯ, ಸಂಗೀತ, ದೇಶೋದ್ಧಾರ ಮೊದಲಾದ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದಿದ್ದ ಜನಸಮೂಹ ಒಂದೇ ಮನಸ್ಸಿನಿಂದ ಎದ್ದು, ಬಾಗಿಲ ಕಡೆಗೆ ತಿರುಗಿ, ಚಪ್ಪಲಿ ಹುಡುಕತೊಡಗುತ್ತದೆ.

ನಾನು ಈ ಊರಿನ ಸಭೆಗಳ ಕೊನೆಗೆ ಆಭಾರ ಮನ್ನಿಸುವವನು, ಅಂದರೆ ವಂದನಾರ್ಪಣೆಯವನು. ಹೊಟ್ಟೆಪಾಡಿಗೆ ಹೈಸ್ಕೂಲಿನ ಹುಡುಗರಿಗೆ ವ್ಯಾಕರಣ ಕಲಿಸುತ್ತೇನಾದರೂ ಜನ ನನ್ನನ್ನು ಗುರುತಿಸುವುದು ಈ ಗೌಣವೃತ್ತಿಯಿಂದಲೇ. ತಾರುಣ್ಯದಲ್ಲಿ ಒಂದು ಸಭೆಗೆ ಆಭಾರ ಮನ್ನಿಸಬೇಕಾದವರು ಹಲ್ಲುನೋವೆಂದು ಬರಲಿಲ್ಲ. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ನನ್ನನ್ನು ಯಾರೋ ಎಬ್ಬಿಸಿದರು. ಅಂದು ಎದ್ದವನನ್ನು ಊರು ಇಂದಿಗೂ ಕೂಡ್ರಗೊಟ್ಟಿಲ್ಲ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಹಾರ ತಂದವರಿಗೆ, ಜಮಖಾನೆ ಹಾಸಿದವರಿಗೆ, ಗ್ಯಾಸಿನ ಬತ್ತಿ ಹೊತ್ತಿಸಿದವನಿಗೆ, ಕೊನೆಗೆ ಶಾಂತಚಿತ್ತದಿಂದ ಆಲಿಸಿದ ಸಭಿಕರಿಗೆ (ಅಷ್ಟರಲ್ಲಿ ಅವರು ರಸ್ತೆಯಲ್ಲಿರುತ್ತಾರೆ) ನಾನು ಮನ್ನಿಸಿದ ಆಭಾರದ ಭಾರವನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟರೆ ಅಮರಗೋಳದ ಹತ್ತಿಯ ಗಾಡಿಗಳೂ ಸಾಲಲಿಕ್ಕಿಲ್ಲ. ಎಲ್ಲರಿಗಿಂತ ಹಿಂದೆ ಹೊರಬರುವವನಿಗೆ ಬಾಗಿಲಲ್ಲಿ ಉಳಿದದ್ದೇ ಪ್ರಸಾದ. ನನ್ನ ಚಪ್ಪಲಿ ಯಾರದೋ ಕಾಲಿನಲ್ಲಿ ಹೋಗಿರುತ್ತವೆ. ಯಾರದೋ ಚಪ್ಪಲಿ ನನ್ನ ಕಾಲಿಗೆ ಬಂದಿರುತ್ತವೆ. ಎಡದ್ದೊಂದು ಅಳತೆ, ಬಲದ್ದೊಂದು ಅಳತೆಯಾಗಿ ಕುಂಟುತ್ತ ಮನೆಗೆ ಬಂದ ದಿನಗಳೂ ಉಂಟು.

ಅದನ್ನು ಕಂಡು ನನ್ನ ಹೆಂಡತಿ ನಡುಮನೆಯ ಕಂಬಕ್ಕೆ ಹೇಳುತ್ತಾಳೆ: “ಇವತ್ತೂ ಯಾರದೋ ಚಪ್ಲಿ ಮೆಟ್ಟಿ ಬಂದಾರ. ಪಾಪ, ಎಲ್ಲಾರೂ ಮೊದಲ ಎದ್ದು ಹೋಗತಾರೋ ಏನೋ.”

ಕಂಬಕ್ಕೇಕೆ ಹೇಳಬೇಕೆಂದು ಓದುಗರಲ್ಲಿ ಹೊಸ ಕಾಲದವರು ಕೇಳಿಯಾರು. ಮನೆಯಲ್ಲಿ ಹಿರಿಯರಿರುವಾಗ ಗಂಡಹೆಂಡಿರು ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ನಮ್ಮಲ್ಲಿ ರೂಢಿಯಿಲ್ಲ. ಹಾಗೆಂದು ಸಂಸಾರ ನಡೆಯಬೇಡವೆ? ಆದ್ದರಿಂದ ಮಾತನ್ನು ನಡುವೆ ಯಾವುದಾದರೊಂದು ವಸ್ತುವಿನ ಮೇಲೆ ಇಟ್ಟುಬಿಡುತ್ತೇವೆ. ಬೇಕಾದವರು ಅಲ್ಲಿಂದ ಎತ್ತಿಕೊಳ್ಳುತ್ತಾರೆ. “ಚಹಾ ಆರಾಕತ್ತೈತಿ” ಎಂದು ಅವಳು ಕಂಬಕ್ಕೆ ಅರುಹಿದರೆ ನಾನು ಬಂದು ಕುಡಿಯುತ್ತೇನೆ. “ಅಂಗಿ ಒಗದದ್ದ ಐತೋ ಇಲ್ಲೋ” ಎಂದು ನಾನು ಅದೇ ಕಂಬವನ್ನು ವಿಚಾರಿಸಿದರೆ ಅಂಗಿ ಬರುತ್ತದೆ. ನಮ್ಮ ಅವ್ವ ನಡುವೆ ಕುಳಿತು ಬತ್ತಿ ಹೊಸೆಯುತ್ತ ಇದನ್ನೆಲ್ಲ ಕೇಳಿಯೂ ಕೇಳದವರಂತೆ ಇರುತ್ತಿದ್ದರು. ಹೆಂಡತಿ ನನ್ನ ಹೆಸರು ಹೇಳಿದ್ದು ಒಮ್ಮೆ, ಮದುವೆಯ ದಿನ, ಅದೂ ಒಡಪಿನ ಪದ್ಯದೊಳಗೆ ಮುಚ್ಚಿ. ವ್ಯಾಕರಣದ ಮಾಸ್ತರನಾಗಿ ಹೇಳುವುದಾದರೆ ‘ನೀವು’ ಎಂಬ ಮಧ್ಯಮಪುರುಷ ನಮ್ಮ ದಾಂಪತ್ಯದಲ್ಲಿ ಇರಲೇ ಇಲ್ಲ. ಅವಳ ಮಾತಿನಲ್ಲಿ ನಾನು ಯಾವಾಗಲೂ ‘ಅವರು’, ಅಂದರೆ ಪ್ರಥಮಪುರುಷ. ಹೆಸರೇನೋ ದೊಡ್ಡದು, ಆದರೆ ಪ್ರಥಮಪುರುಷನೆಂದರೆ ಎದುರಿಗೆ ಇಲ್ಲದವನು ಎಂದು ನಾನೇ ಹುಡುಗರಿಗೆ ಕಲಿಸುತ್ತ ಬಂದಿದ್ದೇನೆ.

ಹೀಗೆ ಕಂಬದ ಆಶ್ರಯದಲ್ಲಿ ಸುಖವಾಗಿದ್ದ ನಮ್ಮ ಸಂಸಾರಕ್ಕೆ ಒಂದು ವರ್ಷ ಗಂಡಾಂತರ ಬಂತು. ನನಗೆ ವಿಷಮಜ್ವರವಾಯಿತು. ಜ್ವರವೇ ಒಂದು ಕಂಟಕ. ಅದು ಇಳಿಯತೊಡಗಿದ ಮೇಲಿನ ಹಸಿವು ಅದರಪ್ಪನಂಥ ಕಂಟಕ. ಡಾಕ್ಟರು ಕರಳು ಹಣ್ಣಾಗಿದೆ, ಗಂಜಿಯ ತಿಳಿಯ ಹೊರತು ಏನೂ ಕೂಡದು, ಒಂದು ತುತ್ತು ಗಟ್ಟಿ ಪದಾರ್ಥ ಹೋದರೂ ಜೀವಕ್ಕೆ ಅಪಾಯವೆಂದು ಕಟ್ಟಪ್ಪಣೆ ಮಾಡಿದ್ದರು. ನಾನು ಜೋಳದ ರೊಟ್ಟಿಗಾಗಿ ಹಲುಬಿದೆ. ಹಸುಗೂಸಿನಂತೆ ಅತ್ತೆನೆಂದರೂ ಸುಳ್ಳಲ್ಲ. ತಾಯಿಯ ಕರಳು ಎಷ್ಟು ದಿನ ತಡೆದೀತು? ಒಂದು ದಿನ ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯಿಟ್ಟುಕೊಂಡು, “ನನ್ನ ಮಗಾ ಹಸದು ಸಾಯೋದಕಿಂತ ಉಂಡು ಸಾಯಲಿ” ಎನ್ನುತ್ತ ನನ್ನ ಕೋಣೆಗೆ ಬಂದೇಬಿಟ್ಟರು.

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಎದುರು ತಲೆಯೆತ್ತಿದವಳಲ್ಲ. ಅಂದೂ ಎತ್ತಲಿಲ್ಲ. ಎರಡೂ ಕೈಗಳಿಂದ ಬಾಗಿಲ ಚೌಕಟ್ಟನ್ನು ಹಿಡಿದು, ಆ ಚೌಕಟ್ಟಿಗೇ ಹೇಳಿದಳು: “ಈ ರೊಟ್ಟಿ ಒಳಗ ಹೋಗಬಾರದು.” ಅವ್ವ ಬೈದರು, ಅತ್ತರು, ನಿನಗೆ ಗಂಡನ ಮೇಲೆ ಕರುಣೆಯಿಲ್ಲವೇ ಎಂದರು. ನಾನೂ ಒಳಗಿನಿಂದ ಹಲ್ಲು ಕಡಿದೆ. ಅವಳು ಸರಿಯಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಮಾತ್ರ ಚೌಕಟ್ಟನ್ನು ಬಿಡಲಿಲ್ಲ. ಬೆಣ್ಣೆ ಕರಗಿ, ರೊಟ್ಟಿ ತಣ್ಣಗಾಗಿ, ಅವ್ವನೇ ಕೊನೆಗೆ ಹಿಂದಿರುಗಿದರು. ಮುಂದೆ ಡಾಕ್ಟರು ಇದನ್ನು ಕೇಳಿ, “ಮಾಸ್ತರ, ನಿಮ್ಮನ್ನ ಉಳಿಸಿದ್ದು ನನ್ನ ಔಷಧ ಅಲ್ರಿ, ಆ ಬಾಗಲಾ” ಎಂದರು. ಅವ್ವ ಅಂದಿನಿಂದ ಸೊಸೆಯನ್ನು ನೋಡುವ ರೀತಿಯೇ ಬೇರೆಯಾಯಿತು.

ಗುಣವಾದ ಮೇಲೆ ನನ್ನ ತಲೆಯಲ್ಲಿ ಒಂದೇ ವಿಚಾರ. ಊರಿಗೆಲ್ಲ ಆಭಾರ ಮನ್ನಿಸಿದ ನಾನು ಇವಳಿಗೆ ಒಂದು ಮಾತು ಹೇಳಬೇಕು. ಹೇಗೆ ಹೇಳುವುದು? ಕಂಬಕ್ಕೆ ಹೇಳಿ ಎತ್ತಿಕೊಳ್ಳಲು ಇದು ಒಗೆದ ಅಂಗಿಯಲ್ಲ. ಶಬ್ದವಾದರೂ ಯಾವುದು? ‘ಕೃತಜ್ಞ’ನೆಂದರೆ ಮಾನಪತ್ರದ ವಾಸನೆ. ‘ಉಪಕಾರ ಆತು’ ಎಂಬುದು ಬಿದ್ದ ಕೊಡೆಯನ್ನು ಎತ್ತಿಕೊಟ್ಟ ಪರಕೀಯನಿಗೆ ಹೇಳುವ ಮಾತು. ನಮ್ಮ ಭಾಷೆಯಲ್ಲಿ ಹೆಂಡತಿಗೆ ಹೇಳುವ ಆಭಾರಕ್ಕೆ ಶಬ್ದವೇ ಇಲ್ಲವೆಂಬುದು ಅರ್ಧ ಆಯುಷ್ಯವನ್ನು ಶಬ್ದಗಳಲ್ಲಿ ಕಳೆದ ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಡಾಕ್ಟರು ಹವೆ ಬದಲಾಗಬೇಕು, ಸಮುದ್ರದ ಗಾಳಿ ತೆಗೆದುಕೊಳ್ಳಿರಿ ಎಂದರು. ಹವೆಗಾಗಿ ಮುಂಬಯಿಯ ಶ್ರೀಮಂತರು ಧಾರವಾಡಕ್ಕೆ ಬರುತ್ತಾರೆ. ಧಾರವಾಡದವನು ಹವೆ ಹುಡುಕಿಕೊಂಡು ಹೋಗುವುದೆಂದರೆ ಸಕ್ಕರೆಯ ಅಂಗಡಿಯವನು ಬೆಲ್ಲ ಬೇಡಿದಂತೆ. ಆದರೂ ಹೊನ್ನಾವರದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದರು, ಅವರಿಗೆ ಬರೆದೆ. ಮೂವರೂ ಹೋಗುವುದೆಂದು ನಿಶ್ಚಯವಾಯಿತು. ಹೊರಡುವ ಹಿಂದಿನ ಸಂಜೆ ಅವ್ವ ತಟ್ಟನೆ, “ನನಗ ಆ ಘಟ್ಟದ ಮೋಟಾರ ಆಗಂಗಿಲ್ಲಪಾ, ತಲಿ ತಿರಗತೈತಿ. ನೀವಿಬ್ಬರೂ ಹೋಗಿಬರ್ರಿ” ಎಂದರು. ಅವ್ವ ಜನ್ಮದಲ್ಲಿ ಮೋಟಾರು ಹತ್ತಿದವರಲ್ಲ. ತಲೆ ತಿರುಗುವುದು ಅವರಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ಈಗ ಯೋಚಿಸಿದರೆ ಆ ಹಿರಿಯ ಜೀವಕ್ಕೆ ನಾನು ಎಷ್ಟು ಋಣಿಯೋ.

ಪ್ರವಾಸಕ್ಕೆಂದು ನಾನು ಒಂದು ಜೋಡು ಹೊಸ ಕೊಲ್ಹಾಪುರಿ ಚಪ್ಪಲಿ ಕೊಂಡೆ. ಎಷ್ಟೋ ವರ್ಷಗಳ ಮೇಲೆ ಎಡಬಲಗಳೆರಡೂ ನನ್ನವೇ ಆದ ಚಪ್ಪಲಿ. ಜೋಡು ಎಂದರೆ ನಮ್ಮಲ್ಲಿ ಪಾದರಕ್ಷೆಯೂ ಹೌದು, ಸತಿಪತಿಗಳೂ ಹೌದು. ಎರಡು ಜೋಡುಗಳೂ ಒಟ್ಟಿಗೆ ಹುಬ್ಬಳ್ಳಿಯಲ್ಲಿ ಶಿರ್ಸಿಯ ಕಡೆಯ ಸರ್ವಿಸ್ ಮೋಟಾರು ಹತ್ತಿದವು. ಆದರೆ ಮೋಟಾರಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಹೊನ್ನಾವರದ ಮನೆಯಲ್ಲಿ ಹೆಂಗಸರು ಒಳಗೆ, ಗಂಡಸರು ಜಗುಲಿಯ ಮೇಲೆ. ನಾಲ್ಕಾರು ದಿನ ಸಮುದ್ರದ ಗಾಳಿ ಸಾಕಷ್ಟು ದೊರೆಯಿತು, ಮಾತಿಗೆ ಮಾತ್ರ ಸಂದಿ ಸಿಗಲಿಲ್ಲ. ಊರಿಗೆ ಮರಳಲು ಎರಡು ದಿನವಿರುವಾಗ ಆ ಗೆಳೆಯರು, ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿಬನ್ನಿ, ಇಡೀ ದಿನ ನಿಧಾನವಾಗಿ ತಿರುಗಾಡಿ ಎಂದಾಗ ನಾನು ಹಿಗ್ಗಿದೆ. ದೋಣಿಯಲ್ಲಿ ಕಂಬವಿಲ್ಲ, ಜಗುಲಿಯಿಲ್ಲ, ಅವ್ವನಿಲ್ಲ. ಹೇಳಿದರೆ ನಾಳೆ ಹೇಳಬೇಕು. ನಾಡಿದ್ದು ಧಾರವಾಡ ಮುಟ್ಟಿದೆವೆಂದರೆ ಮತ್ತೆ ಅದೇ ಕಂಬ, ಅದೇ ಮೌನ.

“ಬೆಳಿಗ್ಗೆ ಭರತ ಬಂದ ಕೂಡಲೇ ಹೊರಟುಬಿಡಿ” ಎಂದರು ಗೆಳೆಯರು. ನಸುಕಿನಲ್ಲಿಯೇ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಬಂದು ನಿಂತೆವು. ಒಬ್ಬ ನಡುವಯಸ್ಸಿನ ಅಂಬಿಗ ದೋಣಿಯಲ್ಲಿ ಕುಳಿತು ಬೀಡಿ ಸೇದುತ್ತಿದ್ದ. ನಾನು ಉದಾರವಾಗಿ, “ಏನಪಾ ಭರತ, ಹೋಗೋಣೇನು?” ಎಂದೆ.

ಅವನು ಹಿಂದೆ ಮುಂದೆ ನೋಡಿದ. “ನಾನು ಜಟ್ಟಿ ರಾ” ಎಂದ. “ಭರತ ಇನ್ನೂ ಬರ್ಲಿಲ್ಲ. ಸ್ವಲ್ಪ ಕೂತ್ಕಳಿ.”

ನಾವು ಕುಳಿತೆವು. ಭರತನೆಂಬವನು ಈ ದೋಣಿಯ ಮಾಲಕನಿರಬೇಕೆಂದು ನಾನು ಊಹಿಸಿದೆ. ಹೊತ್ತು ಹೋಯಿತು. ನನ್ನ ಹೆಂಡತಿ ಬುತ್ತಿಯ ಗಂಟಿಗೆ ಹೇಳಿದಳು: “ಆ ಭರತ ಅನ್ನಾಂವ ಇನ್ನೂ ಎದ್ದಾನೋ ಇಲ್ಲೋ. ಯಾರರೆ ಹೋಗಿ ಎಬ್ಬಿಸಿದ್ರ ಛಲೋ.” ಜಟ್ಟಿ ಬೀಡಿ ಉಗುಳಿ ನಕ್ಕ ನಗೆಗೆ ದಂಡೆಯ ಕಾಗೆಗಳು ಹಾರಿದವು. ಭರತವೆಂದರೆ ಕಡಲಿನಿಂದ ಹೊಳೆಗೆ ಏರಿಬರುವ ನೀರು. ಅದು ಇಳಿದುಹೋದರೆ ಇಳಿತ. ಭರತದ ಬೆನ್ನೇರಿ ಮೇಲಕ್ಕೆ ಹೋಗಬೇಕು, ಇಳಿತದ ಕೈ ಹಿಡಿದು ಕೆಳಗೆ ಬರಬೇಕು. ನೀರೆಂದರೆ ಕೊಡದಲ್ಲಿ ಬರುವಂಥದು, ಹಗ್ಗದಿಂದ ಸೇದುವಂಥದು ಎಂದು ತಿಳಿದ ಬಯಲುಸೀಮೆಯವರಿಗೆ ನೀರು ತಾನೇ ನಡೆದು ಬಂದು ಮತ್ತೆ ತಾನೇ ತಿರುಗಿ ಹೋಗುತ್ತದೆಂದರೆ ಹೇಗೆ ತಿಳಿಯಬೇಕು? ಉಬ್ಬರವೆಂಬ ಶಬ್ದವನ್ನು ಹುಡುಗರಿಗೆ ಕಲಿಸಿದ್ದೆ. ಅದು ಭರತನೆಂಬ ಹೆಸರಿಟ್ಟುಕೊಂಡು ಬಂದರೆ ಗುರುತು ಹತ್ತಲಿಲ್ಲ.

ಭರತ ಬಂತು, ದೋಣಿ ಹೊರಟಿತು. ಇಷ್ಟು ಹಗುರಾದ ಬೆಳಗನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎರಡೂ ದಂಡೆಗೆ ತೆಂಗು, ಅದರ ಹಿಂದೆ ನೀಲಿ ಗುಡ್ಡ, ನೀರಿನ ಮೇಲೆ ಹೊಗೆಯಂಥ ಮಂಜು. ಸಾವಿನ ಮನೆಯ ಕದ ತಟ್ಟಿ ಬಂದವನಿಗೆ ಬರಿಯ ಉಸಿರಾಡುವುದೇ ಒಂದು ಹಬ್ಬ. ಅದರ ಮೇಲೆ ಇಷ್ಟೊಂದು ನೀರು, ಇಷ್ಟೊಂದು ಹಸಿರು. ನನ್ನ ಹೆಂಡತಿ ಕೈಯನ್ನು ಹೊಳೆಯಲ್ಲಿ ಇಳಿಬಿಟ್ಟು, ಬೆರಳನ್ನು ನಾಲಗೆಗೆ ತಾಗಿಸಿ, ಮುಖ ಕಿವುಚಿ, “ಇಷ್ಟ ನೀರಿದ್ದೂ ಒಂದು ಗುಟುಕು ಕುಡಿಯಾಕ ಬರಂಗಿಲ್ಲ ನೋಡ” ಎಂದು ಹೊಳೆಗೇ ಹೇಳಿದಳು. ಅವಳ ಮುಖದಲ್ಲಿ ಅಡಿಗೆಮನೆಯ ಹೊಗೆಯಿಲ್ಲದ ಬೆಳಕನ್ನು ನಾನು ಅಂದು ನೋಡಿದೆ. ಈಗ ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ. ಎದುರಿಗೆ ಜಟ್ಟಿ ಹುಟ್ಟು ಹಾಕುತ್ತ ನನ್ನ ಬಾಯನ್ನೇ ನೋಡುತ್ತಿದ್ದ. ಗಂಟಲನ್ನು ಮೊದಲಿನಂತೆ ಬಿಟ್ಟುಕೊಟ್ಟೆ.

ಕಂಬವಿಲ್ಲದ ದೋಣಿಯೆಂದು ನಾನು ಹಿಗ್ಗಿದ್ದೆನಷ್ಟೆ? ಅವಳಿಗೆ ಜಟ್ಟಿಯೇ ಕಂಬವಾದ. ಬಿಸಿಲೇರಿತು. ಜ್ವರದಲ್ಲಿ ಕೂದಲುದುರಿದ ನನ್ನ ತಲೆಯ ಕಡೆ ಓರೆಗಣ್ಣಿಟ್ಟು ಅವಳು ಜಟ್ಟಿಯ ದಿಕ್ಕಿಗೆ, “ಬಿಸಲ ಬಡಿಯಾಕತ್ತೈತಿ. ತಲೀಗೆ ಏನರೆ ಸುತ್ತಿಗೊಂಡ್ರ ಛಲೋ” ಎಂದಳು. ಜಟ್ಟಿ ವಿನಯದಿಂದ ಹುಟ್ಟು ಕೆಳಗಿಟ್ಟು, ಸೊಂಟಕ್ಕೆ ಬಿಗಿದಿದ್ದ ಪಂಜಿಯ ತುಂಡುಬಟ್ಟೆಯನ್ನು ಬಿಚ್ಚಿ ತನ್ನ ತಲೆಗೆ ಸುತ್ತಿಕೊಂಡ. ತುಸು ಹೊತ್ತಿನ ಮೇಲೆ ಅವಳು, “ಔಷಧದ ಹೊತ್ತ ಆತು. ತಗೋಬೇಕು” ಎಂದಳು. ಜಟ್ಟಿ ಹೆದರಿದ. “ನಂಗೆಂತಾ ಔಷಧ, ಅಮ್ಮಾ? ನಾನು ಹುಷಾರಿದ್ದೆ!” ಎಂದ. ಅವಳು ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ನಕ್ಕೆ, ಜ್ವರ ಬಂದ ಮೇಲೆ ಹೊಟ್ಟೆ ಹಿಡಿದು ನಕ್ಕದ್ದು ಅದೇ ಮೊದಲು. ನಮ್ಮ ಮನೆಯ ಪದ್ಧತಿಯನ್ನು ಅವನಿಗೆ ವಿವರಿಸಿದೆ. ಅವನು ಗಂಭೀರವಾಗಿ ಕೇಳಿ, ತಲೆದೂಗಿ, “ತಿಳಿತು ತಿಳಿತು. ತಿನ್ನೂದು, ಕುಡಿಯೂದು, ಔಷಧ ಎಲ್ಲ ಒಡೆಯರಿಗೆ. ಉಳದದ್ದು ನಂಗೆ” ಎಂದು ತೀರ್ಮಾನಿಸಿದ. ಅಂಥ ಸೂತ್ರವನ್ನು ಕಟ್ಟಲು ವ್ಯಾಕರಣದ ಮಾಸ್ತರರಿಗೆ ಮೂರು ಪುಟ ಬೇಕಾಗುತ್ತಿತ್ತು.

ಭರತದ ಓಟ ಮುಗಿಯುವ ಹೊತ್ತಿಗೆ ಒಂದು ಮಾವಿನ ನೆರಳಿನಲ್ಲಿ ದೋಣಿ ನಿಂತಿತು. ಅವಳು ಬುತ್ತಿ ಬಿಚ್ಚಿದಳು. ಒಳಗೆ ಧಾರವಾಡದಿಂದಲೇ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗೆಳೆಯರ ಮನೆಯ ಬೆಣ್ಣೆ. ಒಂದು ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆಯಿಟ್ಟು ನನ್ನ ಕಡೆ ಸರಿಸಿ, ಮಾವಿನ ಬೊಡ್ಡೆಗೆ ಮೆಲ್ಲಗೆ ಹೇಳಿದಳು: “ಈಗ ಎಷ್ಟ ಬೇಕಾದ್ರೂ ತಿನಬಹುದು.”

ರೊಟ್ಟಿ ಕೈಯಲ್ಲಿಯೇ ನಿಂತಿತು. ಈಗ ಹೇಳದಿದ್ದರೆ ಎಂದಿಗೂ ಇಲ್ಲವೆಂದು, “ಒಂದು ಮಾತು...” ಎನ್ನುವಷ್ಟರಲ್ಲಿ ಜಟ್ಟಿ ಬಂದು ಇಣುಕಿ, “ಇದೆಂತಾ ಹಪ್ಪಳ ರಾ, ಇಷ್ಟು ದೊಡ್ಡದು?” ಎಂದ. ಅವನಿಗೂ ಬೆಣ್ಣೆ ರೊಟ್ಟಿ ಕೊಟ್ಟೆವು. ಕಟಕ್ ಎಂದು ಕಡಿದು, ಅದರ ಗುಣಗಾನವನ್ನು ಅವನು ಮಾಡಿದ್ದೇ ಮಾಡಿದ್ದು. ನನ್ನ ಮಾತು ಬುತ್ತಿಯ ಬಟ್ಟೆಯೊಡನೆ ಮಡಿಸಿಹೋಯಿತು.

ಇಳಿತದೊಡನೆ ತಿರುಗಿ ಹೊರಟೆವು. ನಡುಹಗಲು. ದೋಣಿಯ ಅರ್ಧಕ್ಕೆ ಬಿದಿರ ಚಾಪೆಯ ಮರೆಯಿತ್ತು. ನೆರಳು ಸರಿದು ನನ್ನ ಬಲಗಡೆಯೆಲ್ಲ ಬಿಸಿಲಿಗೆ ಬಿದ್ದಿತ್ತು. ನಾನೋ ಅರ್ಧ ಕಣ್ಣು ಮುಚ್ಚಿ ಭಾಷಣದ ಎರಡನೆಯ ವಾಕ್ಯವನ್ನು ತಿದ್ದುತ್ತಿದ್ದೆ. ಅವಳು ನೋಡಿದಳು, ತಾಳಿದಳು, ಕೊನೆಗೆ ಜಟ್ಟಿಯ ದಿಕ್ಕಿಗೆ, “ಒಂದೀಟ ಎಡಕ್ಕ ಸರದ್ರ ಛಲೋ ಇತ್ತು” ಎಂದಳು.

ಇದು ತಿನ್ನುವುದಲ್ಲ, ಕುಡಿಯುವುದಲ್ಲ, ಔಷಧವಂತೂ ಅಲ್ಲ. ಸೂತ್ರದ ಪ್ರಕಾರ ಜಟ್ಟಿಗೆ ಸಂದದ್ದು. ಅವನು ದೋಣಿಯನ್ನು ಎಡಕ್ಕೆ ತಿರುಗಿಸಿದ. ಸರ್ರೆಂದು ಕೆಳಗೆ ಏನೋ ಉಜ್ಜಿತು, ದೋಣಿ ಒಮ್ಮೆ ನಡುಗಿತು, ನಿಂತಿತು. ಮರಳಿನ ದಿಬ್ಬ. ಗಳ ಊರಿ ನೂಕಿದ, ಕೆಳಗಿಳಿದು ಬೆನ್ನು ಕೊಟ್ಟ, ಹೂಂ ಎನ್ನಲಿಲ್ಲ ದೋಣಿ. ನೋಡುನೋಡುತ್ತಿರುವಂತೆ ಸುತ್ತಲಿನ ನೀರು ಜಾರಿ, ದಿಬ್ಬ ತನ್ನ ಬೆನ್ನನ್ನು ಮೇಲೆತ್ತಿತು.

“ಯಾಕೋ ಈ ಕಡೆ ತಂದಿ?” ಎಂದೆ.

“ಅಮ್ಮೋರೇ ಹೇಳಿದ್ರಲ್ರಾ, ಎಡಕ್ಕೆ ಸರಿಯೂಕೆ! ಇಲ್ಲಿ ದಿಬ್ಬ ಅದೆ ಅಂತ ನಂಗೆ ಗೊತ್ತು. ಆದ್ರೆ ಅಮ್ಮೋರು ಏನೋ ನೋಡೂಕಿರ್ಬೇಕು ಅಂದ್ಕಂಡೆ.” ಅವನು ಮುಖ ಒರೆಸಿಕೊಂಡ. “ಇನ್ನು ಭರತ ಬರೂ ತನಕ ಎಂತಾ ಮಾಡೂಕೂ ಆಗ. ಭಾರ ಇಳ್ಸಿ, ಕೆಳಗೆ ಬನ್ನಿ” ಎಂದು ಹೇಳಿ, ಸಿಕ್ಕ ಹೊತ್ತನ್ನು ಹಾಳುಮಾಡಬಾರದೆಂದು ದಿಬ್ಬದ ಆಚೆಯ ತುದಿಗೆ ಚಿಪ್ಪು ಆರಿಸಲು ಹೊರಟುಹೋದ. ಅವನು ಕಣ್ಣಿಗೆ ಒಂದು ಕಡ್ಡಿಯಷ್ಟಾದ.

ಭಾರ ಇಳಿಸಿ ನಾವು ಮರಳ ಮೇಲೆ ನಿಂತೆವು. ಆಭಾರವಿನ್ನೂ ಇಳಿದಿರಲಿಲ್ಲ. ನಾನು ಹೊಸ ಚಪ್ಪಲಿಗಳನ್ನು ಕಳಚಿ, ನೀರಿನ ಅಂಚಿನಲ್ಲಿ ಜೋಡಿಸಿಟ್ಟು, ಬರಿಗಾಲಿನಿಂದ ತಣ್ಣನೆಯ ಮರಳಿನ ಮೇಲೆ ಅಡ್ಡಾಡಿದೆ. ಅವಳು ತುಸು ದೂರ ಕುಳಿತು ಮರಳಿನಲ್ಲಿ ಬೆರಳಾಡಿಸುತ್ತ, ತಪ್ಪಿತಸ್ಥಳಂತೆ ತಲೆ ತಗ್ಗಿಸಿದ್ದಳು. ನಮ್ಮ ನಡುವೆ ಕಂಬವಿಲ್ಲ, ಜಟ್ಟಿಯಿಲ್ಲ, ಬೊಡ್ಡೆಯಿಲ್ಲ. ಸುತ್ತ ನೀರು, ನಡುವೆ ನಾವಿಬ್ಬರು, ಯಾವುದರ ಮೇಲೂ ಇಡಲಾಗದ ಮಾತು. ಇಳಿಯುವ ನೀರಿನ ಅಂಚು ಸರಿದಂತೆಲ್ಲ ನಾನು ಚಪ್ಪಲಿಗಳನ್ನೂ ಸರಿಸಿ ಇಡುತ್ತ ಹೊತ್ತು ಕಳೆದೆ. ಹೊತ್ತು ವಾಲಿತು. ದೂರದಿಂದ ಜಟ್ಟಿ ಕೈಯೆತ್ತಿ, “ಭರತ ತಿರುಗ್ತು!” ಎಂದು ಕೂಗಿದ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನು ಬರುತ್ತಾನೆ, ದೋಣಿ ತೇಲುತ್ತದೆ, ನಾಳೆ ಮೋಟಾರು, ಮತ್ತೆ ಕಂಬ. ನನಗೆ ದಿಗಿಲಾಯಿತು.

ಅವಳ ಎದುರಿಗೆ ಬಂದು ನಿಂತು ಏನು ಮಾಡಿದೆನೆಂದು ಹೇಳಿದರೆ ನಗುತ್ತೀರಿ. ಶಲ್ಯವನ್ನು ಹೆಗಲಿಗೆ ಸರಿಪಡಿಸಿಕೊಂಡೆ. ಕೆಮ್ಮಿದೆ. “ಮಾನ್ಯ ಅಧ್ಯಕ್ಷರೆ” ಎಂದೆ. ಬೇರೆ ರೀತಿಯಿಂದ ಆರಂಭಿಸಲು ನನಗೆ ಬರುವುದೇ ಇಲ್ಲ.

ಅವಳು ಬೆಚ್ಚಿ ತಲೆಯೆತ್ತಿದಳು. ಆ ಬೆದರಿದ, ದಣಿದ, ನನ್ನನ್ನೇ ನೋಡುವ ಮುಖವನ್ನು ಕಂಡ ಮೇಲೆ ನನ್ನ ಸಂಸ್ಕೃತವೆಲ್ಲ ಇಳಿತದ ನೀರಿನಂತೆ ಇಳಿದುಹೋಯಿತು. ಮನೆಯ ಮಾತೇ ಬಾಯಿಗೆ ಬಂತು. ಜ್ವರದ ದಿನಗಳಲ್ಲಿ ಅವಳು ಬೀಸಿದ ಗಾಳಿ, ಹಣೆಗೆ ಹಿಂಡಿ ಹಾಕಿದ ತಣ್ಣೀರ ಬಟ್ಟೆ, ನನ್ನ ತುಟಿಗೆ ಹಚ್ಚಿದ ತುಪ್ಪ ಎಲ್ಲವನ್ನೂ ತಡವರಿಸುತ್ತ ಹೇಳಿದೆ. ರೊಟ್ಟಿಯ ಮಾತಿಗೆ ಬಂದೆ. “ಅವತ್ತ ನೀ ಬಾಗಲದಾಗ ನಿಂತಿದ್ದೆಲ್ಲ. ಅವ್ವ ಬೈದಳು, ನಾ ಹಲ್ಲು ಕಡದೆ, ಆದ್ರೂ ನೀ ಸರೀಲಿಲ್ಲ. ಅವತ್ತ ನೀ ಅಲ್ಲಿ ನಿಲ್ಲದಿದ್ರ ಇವತ್ತ ನಾ ಇಲ್ಲಿ ನಿಲ್ಲತಿದ್ದಿಲ್ಲ. ಇದಕ್ಕ ಏನು ಅನಬೇಕು ನನಗ ಗೊತ್ತಿಲ್ಲ. ಊರಮಂದಿಗೆಲ್ಲಾ ಹೇಳೇನಿ, ನಿನಗ ಹೇಳಾಕ ಶಬ್ದ ಇಲ್ಲ.” ಇನ್ನೂ ಏನೇನೋ ಹೇಳಿದೆ. ನನ್ನ ಬಾಳಿನಲ್ಲಿ ಅಷ್ಟು ಕೆಟ್ಟ ಆಭಾರ ಭಾಷಣವನ್ನು ನಾನು ಮಾಡಿಲ್ಲ. ಕಣ್ಣೀರು ಬಂದು ವಾಕ್ಯ ಅರ್ಧಕ್ಕೇ ನಿಂತಿತು.

ಅವಳು ಕದಲದೆ ಕುಳಿತಿದ್ದಳು. ಕಣ್ಣು ನನ್ನ ಮುಖದಿಂದ ಒಮ್ಮೆ ಮಾತ್ರ ಆಚೆ ಹೋಗಿ ಮತ್ತೆ ಬಂದದ್ದು ನೆನಪಿದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಳಿಕ, ನದಿಗಲ್ಲ, ಮರಳಿಗಲ್ಲ, ನನ್ನ ಮುಖಕ್ಕೇ ಕೇಳಿದಳು:

“ಮುಗೀತೇನ್ರಿ?”

“ಮುಗೀತು.”

“ನಿಮ್ಮ ಚಪ್ಲಿ ಹೋದುವು.”

ತಿರುಗಿ ನೋಡಿದೆ. ನೀರಿನಂಚು ನನ್ನ ಹಿಂದೆ ಸದ್ದಿಲ್ಲದೆ ಏರಿ ಬಂದಿತ್ತು. ಕೊಲ್ಹಾಪುರಿ ಜೋಡು ಮಾರುದೂರದಲ್ಲಿ, ಒಂದರ ಹಿಂದೊಂದು, ಗೇರುಸೊಪ್ಪೆಯ ದಿಕ್ಕಿಗೆ ತೇಲಿಕೊಂಡು ಹೊರಟಿತ್ತು. ನಾನು ಆಭಾರ ಮನ್ನಿಸಲು ನಿಂತರೆ ಧಾರವಾಡದಲ್ಲಿ ಜನ ಚಪ್ಪಲಿ ಹುಡುಕುತ್ತಾರೆ; ಇಲ್ಲಿ ಹೊಳೆಯೂ ಅದನ್ನೇ ಮಾಡಿತ್ತು.

“ಯಾವಾಗ ಹೋದುವು?”

“ರೊಟ್ಟಿ ಮಾತು ಬಂದಾಗನ.”

“ನೋಡಿದ್ರೂ ಹೇಳಲಿಲ್ಲಲಾ! ಎದ್ದು ಹಿಡೀಬಾರದಾಗಿತ್ತೇನು?”

“ನೀವು ಮಾತಾಡಾಕತ್ತಿದ್ರಿ” ಎಂದಳು ಅವಳು. “ನಡುವ ಎದ್ದು ಹೋಗಬಾರದಲ್ರಿ.”

ಎಷ್ಟು ವರ್ಷಗಳಿಂದ ಊರಿನ ವಿದ್ವಾಂಸರು, ವಕೀಲರು, ರಸಿಕರು ನನಗೆ ಕೊಡದ ಮರ್ಯಾದೆಯನ್ನು ಅವಳು ಒಂದು ಜೋಡು ಹೊಸ ಚಪ್ಪಲಿಯ ಬೆಲೆಗೆ ಕೊಟ್ಟಿದ್ದಳು. ‘ನೀವು’ ಎಂದಿದ್ದಳು. ಇಷ್ಟು ಕಾಲ ಪ್ರಥಮಪುರುಷನಾಗಿ ಮೆರೆದವನು ಮಧ್ಯಮಪುರುಷನಾಗಿ ಇಳಿದೆ; ಯಾವ ಬಡ್ತಿಯೂ ನನಗೆ ಅಷ್ಟು ಸುಖ ಕೊಟ್ಟಿಲ್ಲ.

ನಾನು ತೇಲುವ ಚಪ್ಪಲಿಗಳ ಕಡೆ ನೋಡುತ್ತ ನಿಂತದ್ದನ್ನು ಕಂಡು ಅವಳಿಗೆ ನಗೆ ತಡೆಯಲಾಗಲಿಲ್ಲ. “ಹೋಗಲಿ ಬಿಡ್ರಿ. ಬಂದಾಂವ ಯಾರು? ಭರತ ಅಲ್ಲೇನ್ರಿ? ಪಾದುಕಾ ಒಯ್ಯದ ಬಿಡತಾನೇನು?” ಎಂದಳು. ಶ್ಲೇಷೆಯನ್ನು ಹುಡುಗರಿಗೆ ಪಾಠ ಹೇಳುವವನು ನಾನು. ಹೊಳೆಯ ನಡುವೆ ಅದನ್ನು ಆಡಿ ತೋರಿಸಿದವಳು ಅವಳು. ಇಷ್ಟು ರಸಿಕಳಾದ ಹೆಂಗಸಿನ ಮಾತನ್ನು ಇಷ್ಟು ದಿನ ಒಂದು ಸಾಗುವಾನಿ ಕಂಬವೇ ಮುಂದೆ ನಿಂತು ಕೇಳಿತಲ್ಲ ಎಂದು ನನಗೆ ಆ ಕಂಬದ ಮೇಲೆ ಹೊಟ್ಟೆಕಿಚ್ಚಾಯಿತು. ದೋಣಿ ತೇಲಿದ ಮೇಲೆ ಜಟ್ಟಿ ಭರತಕ್ಕೆ ಎದುರಾಗಿ ಹುಟ್ಟು ಹಾಕಿದ, ದೀಪ ಹಚ್ಚುವ ಹೊತ್ತಿಗೆ ಹೊನ್ನಾವರದ ದಂಡೆಗೆ ಬಂದೆವು. ಗೆಳೆಯರ ಮನೆಯವರೆಗೆ ನಾನು ಬರಿಗಾಲಲ್ಲಿ ನಡೆದೆ. ನೋಡಿ ಅವಳೂ ತನ್ನ ಚಪ್ಪಲಿಗಳನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡಳು. ದಾರಿಯುದ್ದಕ್ಕೂ ಏನು ಮಾತಾಡಿದೆವೆಂಬುದನ್ನು ಇಲ್ಲಿ ಬರೆಯಲಾರೆ. ಈ ಪ್ರಬಂಧವನ್ನು ಅವಳೂ ಓದುತ್ತಾಳೆ.

ಧಾರವಾಡ ಮುಟ್ಟಿದ ಕೂಡಲೇ ಅವ್ವ ನನ್ನ ಕಾಲು ನೋಡಿ, “ಹೊಸಾ ಚಪ್ಲಿ ಎಲ್ಲಿ?” ಎಂದರು. “ಭರತ ಒಯ್ದನಂತ” ಎಂದು ನನ್ನ ಹೆಂಡತಿ ಕಂಬಕ್ಕೆ ಹೇಳಿದಳು. ಅವ್ವ ಸೊಸೆಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಬತ್ತಿ ಹೊಸೆಯುತ್ತ ಒಳಗೊಳಗೇ ನಕ್ಕರು. ಅವ್ವನಿರುವ ತನಕ ಕಂಬ ತನ್ನ ಕೆಲಸ ಕಳೆದುಕೊಳ್ಳಲಿಲ್ಲ. ಅವರು ಹೋಗಿ ವರ್ಷವಾದರೂ ರೂಢಿ ಪೂರ್ತಿ ಬಿಟ್ಟಿಲ್ಲ. ನನಗೆ ಅದರ ಮೇಲೆ ಈಗ ಸಿಟ್ಟಿಲ್ಲ. ‘ಚಹಾ ಆರಾಕತ್ತೈತಿ’ ಎಂಬಲ್ಲಿ ‘ನೀವು’ ಅಡಗಿ ಕುಳಿತಿರುತ್ತದೆಂದು, ಮೊದಲಿನಿಂದಲೂ ಕುಳಿತೇ ಇತ್ತೆಂದು, ನನಗೆ ಈಗ ತಿಳಿದಿದೆ.

ಸಭೆಗಳು ನಡೆಯುತ್ತಲೇ ಇವೆ. ಮೊನ್ನೆಯೂ ಒಂದು ಆಯಿತು. ನಾನು ಎದ್ದು, ಶಲ್ಯ ಸರಿಪಡಿಸಿಕೊಂಡು, ‘ಮಾನ್ಯ ಅಧ್ಯಕ್ಷರೆ’ ಎಂದೆ. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಅಧ್ಯಕ್ಷರಿಂದ ಗ್ಯಾಸಿನ ಬತ್ತಿಯವನವರೆಗೆ ಯಾರನ್ನೂ ಬಿಡದೆ, ಅವಸರಪಡದೆ, ಆಭಾರ ಮನ್ನಿಸಿದೆ. ಸಭಾಗೃಹ ಬರಿದಾಗಿತ್ತು. ಹೆಂಗಸರ ಕಡೆಯ ಜಮಖಾನೆಯ ತುದಿಯಲ್ಲಿ ಒಬ್ಬಳು ಮಾತ್ರ ಕೊನೆಯ ಶಬ್ದದವರೆಗೆ ಕುಳಿತಿದ್ದಳು. ನಾನು ಬಾಗಿಲಿಗೆ ಬಂದಾಗ ಅವಳು ಎದ್ದು, ಸೆರಗಿನ ಮರೆಯಿಂದ ನನ್ನ ಚಪ್ಪಲಿಗಳನ್ನು, ಎಡಬಲ ಎರಡೂ ನನ್ನವೇ, ತೆಗೆದು ಕಾಲ ಮುಂದೆ ಇಟ್ಟಳು. ಇಟ್ಟು, ಸಭಾಗೃಹದ ಕಂಬಕ್ಕೆ ಹೇಳಿದಳು: “ಛಲೋ ಮಾತಾಡಿದ್ರು.”